ಮೊಳೆಗಳ ಮನೆ ಬದಲಾದದ್ದು

ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅವರ ಮಗನಿಗೂ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆ ಮಗರಾಯ, ಅಂದರೆ ನನ್ನ ಗಂಡ, ಲಾರಿ ಓಡಿಸುತ್ತಾನೆ. ನೆಂಟನ ಹಾಗೆ ಬರುತ್ತಾನೆ, ಉಂಡು ಮಲಗುತ್ತಾನೆ, ಎದ್ದು ಹೋಗುತ್ತಾನೆ. ಗೊರಕೆ ಹೊಡೆಯುವವನ ಮುಂದೆ ಯಾರು ಬೇಕಾದರೂ ಕಣ್ಣಿರುವವರ ಹಾಗೆ ನಟಿಸಬಹುದು.

ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನನ್ನ ಮೊಣಕೈ ಹಿಡಿದುಕೊಂಡರು. ಅಳಲಿಲ್ಲ. ಅಳುವ ಜಾತಿಯೇ ಅಲ್ಲ ಅದು.

"ಕೂಟದಲ್ಲಿ ಯಾರಿಗೂ ಹೇಳ್ಬೇಡ ಕಣೇ," ಅಂದರು. "ಗೊತ್ತಾದ್ರೆ ಬಾಗಿಲ ಹತ್ರ ಕುರ್ಚಿ ಹಾಕಿ ಕೂರಿಸಿಬಿಡ್ತಾರೆ. ಬಂದವರಿಗೆಲ್ಲ ತೋರಿಸ್ತಾರೆ, ನೋಡಿ, ಇವರೇ ನಮ್ಮ ಹಳೇ ಅಮ್ಮ ಅಂತ. ನಾನು ಕೇಸಿನ ಮುಂದೆ ನಿಂತುಕೊಂಡೇ ಇರಬೇಕು."

"ಕಾಣದೆ ಹೇಗೆ ಕೆಲಸ ಮಾಡ್ತೀರಿ?"

"ಕಾಣುವಾಗ ನೋಡಿ ಮಾಡ್ತಿದ್ದೆ ಅಂದ್ಕೊಂಡ್ಯಾ?"

ಅದೂ ನಿಜವೇ. ಕೂಟವೆಂದರೆ ನಮ್ಮ ಅಚ್ಚುಕೂಟ. ಮೊದಲು ಅದು ಮಾವನ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಅಂಗಡಿಗಳ ಕರಪತ್ರ, ಸತ್ತವರ ಫೋಟೋ ಹಾಕಿದ ಕಾರ್ಡು, ಹೀಗೆ ಊರಿನ ಸುಖದುಃಖವೆಲ್ಲ ಅಲ್ಲಿಂದಲೇ ಹೊರಡುತ್ತಿತ್ತು. ಕಂಪ್ಯೂಟರು ಬಂತು, ಗಿರಾಕಿಗಳು ಹೋದರು, ಮಾವನೂ ಹೋದರು. ಗುಜರಿಯವನು ತಕ್ಕಡಿ ಸಮೇತ ಬಂದು ಸೀಸದ ಅಚ್ಚುಮೊಳೆಗಳನ್ನು ತೂಗಿ ಒಯ್ಯುವುದರಲ್ಲಿದ್ದ. ಅಷ್ಟರಲ್ಲಿ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಡ್ಡ ಬಂದರು. ಲೈಬ್ರರಿ ಮೇಡಂ ಒಬ್ಬರನ್ನು, ಇನ್ನೂ ಕೆಲವು ಜನರನ್ನು ಸೇರಿಸಿಕೊಂಡು ಗುಂಪು ಕಟ್ಟಿದರು. ಕಟ್ಟಡ ಉಳಿಯಿತು, ಯಂತ್ರ ಉಳಿಯಿತು, ಅವುಗಳ ಜೊತೆಗೆ ನಾವಿಬ್ಬರೂ ಉಳಿದೆವು. ಈಗ ಅಲ್ಲಿ ಹಳೆಯ ಮುದ್ರಣದ ಕೆಲಸ ಕಲಿಸುತ್ತಾರೆ. ಜನ ರಜೆಯ ದಿನ ಬಂದು ತಮ್ಮ ಹೆಸರನ್ನು ತಾವೇ ಜೋಡಿಸಿ ಅಚ್ಚು ಹಾಕಿಕೊಂಡು ಅಯ್ಯೋ ಎಷ್ಟು ಚೆಂದ ಅನ್ನುತ್ತಾರೆ. ಚೆಂದವೇನೋ ಹೌದು, ದಿನವಿಡೀ ನಿಂತು ಕಾಲು ಊದುವವರಿಗೆ ಮಾತ್ರ ಅಷ್ಟೊಂದು ಕಾಣುವುದಿಲ್ಲ.

ಕೇಸು ಎಂದರೆ ಮೊಳೆಗಳನ್ನಿಡುವ ಅಗಲದ ಮರದ ತಟ್ಟೆ. ಅದರ ತುಂಬ ಸಣ್ಣ ಸಣ್ಣ ಮನೆಗಳು, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಗುಣಿತಕ್ಕೆ ಬೇರೆ, ಒತ್ತಕ್ಷರಕ್ಕೆ ಬೇರೆ. ಯಾವ ಮನೆಯ ಮೇಲೂ ಹೆಸರಿಲ್ಲ. ಯಾವುದು ಎಲ್ಲಿ ಅನ್ನುವುದು ಒಂದೊಂದು ಪ್ರೆಸ್ಸಿನಲ್ಲಿ ಒಂದೊಂದು ಥರ. ನಮ್ಮದು ಮಾವ ಇಟ್ಟ ಕ್ರಮ, ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ಮೂಲೆಗೆ. ಅತ್ತೆ ಕುಳ್ಳಿ. ಮೇಲಿನ ಸಾಲು ಎಟುಕುವುದಿಲ್ಲವೆಂದು ಕೆಲವನ್ನು ಕೆಳಗಿಳಿಸಿದರು. ಒಂದು ಮನೆಯ ತಳ ಒಡೆದು ಅಲ್ಲಿದ್ದ ಅಕ್ಷರ ಪಕ್ಕದ ಮನೆಗೆ ಬಾಡಿಗೆಗೆ ಹೋಗಿ ಅಲ್ಲೇ ಬೇರು ಬಿಟ್ಟಿತು. ಹಳೇ ಸಂಸಾರದ ಹಾಗೆ ಅದು, ಹೊರಗಿನವರಿಗೆ ತಲೆಬುಡ ತಿಳಿಯದು, ಒಳಗಿದ್ದವರಿಗೆ ಯೋಚಿಸಬೇಕಾಗಿಲ್ಲ.

ನನಗೂ ಅದು ತಿಳಿಯದು. ಮಾವನ ಕಾಲದಿಂದ ಒಂದು ಕಟ್ಟುನಿಟ್ಟಿತ್ತು, ಮಸಿ ಮೆತ್ತಿದ ಕೈ ಕೇಸಿಗೆ ಹೋಗಕೂಡದು. ಮೊಳೆಯ ಮುಖದ ಮೇಲೆ ಮಸಿ ಒಣಗಿ ಕೂತರೆ ಅಕ್ಷರ ಮುಚ್ಚಿಕೊಂಡು ಬರುತ್ತದೆ. ನನ್ನದು ಟ್ರೆಡಲ್ ಯಂತ್ರ, ಕಾಲಲ್ಲಿ ತುಳಿದು ಓಡಿಸುವಂಥದ್ದು. ಬೆಳಗಿಂದ ಸಂಜೆವರೆಗೂ ಕೈ ಕಪ್ಪು. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ಮೊಳೆಯನ್ನು ಅದರ ಮನೆಯಿಂದ ಎತ್ತಿದವಳಲ್ಲ ನಾನು. ಕೇಸು ಅತ್ತೆಯದು, ಯಂತ್ರ ಸೊಸೆಯದು. ಅಡುಗೆಮನೆಯಲ್ಲಿ ಇಷ್ಟು ಸ್ಪಷ್ಟವಾಗಿ ಪಾಲಾಗಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಕಣ್ಣು ಹೋದದ್ದನ್ನು ಮುಚ್ಚಿಡುವ ಕೆಲಸ ನನ್ನ ತಲೆಗೆ ಬಂತು. ಬೆಳಗ್ಗೆ ಅವರ ಸೀರೆ ಉಲ್ಟಾ ಆಗಿದೆಯೇ ನೋಡಬೇಕು. ಬಸ್ಸು ಹತ್ತಿಸಬೇಕು, ಇಳಿಸಬೇಕು. ಚರಂಡಿ ಕಲ್ಲು ಬಂದಾಗ ಮೊಣಕೈ ಒತ್ತಬೇಕು. ಬೀದಿಯವರು ನೋಡಿ, "ಎಂಥಾ ಅತ್ತೆ, ಎಂಥಾ ಸೊಸೆ! ಕೈ ಕೈ ಹಿಡ್ಕೊಂಡು ಹೋಗ್ತಾವಲ್ಲಪ್ಪ," ಅನ್ನುವರು. ನಾವಿಬ್ಬರೂ ಹಲ್ಲು ಕಿರಿಯುತ್ತಿದ್ದೆವು. ಕೂಟದಲ್ಲಿ ನಾನು ಯಂತ್ರ ನಿಲ್ಲಿಸಿ ಅವರ ಪಕ್ಕದಲ್ಲಿ ನಿಂತು, ಜೋಡಿಸಬೇಕಾದ ಬರಹವನ್ನು ಗಟ್ಟಿಯಾಗಿ ಓದುವೆ. ಅವರು ಎಡಗೈಯಲ್ಲಿ ಮೊಳೆ ಜೋಡಿಸುವ ಕಬ್ಬಿಣದ ಪಟ್ಟಿ, ಅಂದರೆ ಸ್ಟಿಕ್ಕು, ಹಿಡಿದು ಬಲಗೈಯಲ್ಲಿ ಮೊಳೆ ಹೆಕ್ಕಿ ಟಕಟಕ ಸೇರಿಸುವರು. ಆಮೇಲೆ ಓಡಿಹೋಗಿ ನನ್ನ ಯಂತ್ರ ತುಳಿಯುವೆ. ಮತ್ತೆ ಓಡಿಬಂದು ಓದುವೆ. ಮೇಷ್ಟ್ರಿಗೆ ಇದೆಲ್ಲ ಬಹಳ ಇಷ್ಟವಾಗಿ, ಬಂದವರಿಗೆ ವಿವರಿಸಲು ಶುರುಮಾಡಿದ್ದರು: "ಒಬ್ಬರು ಓದೋದು, ಒಬ್ಬರು ಜೋಡಿಸೋದು. ಇದು ಹಿಂದಿನಿಂದ ಬಂದ ಪದ್ಧತಿ." ನಾನು ಬೆವರು ಒರೆಸಿಕೊಂಡು ತಲೆಯಾಡಿಸುತ್ತಿದ್ದೆ.

ನನಗೆ ಸುಸ್ತಾಗಿತ್ತು. ಮಲಗಿ ಎದ್ದರೆ ಹೋಗುವಂಥ ಸುಸ್ತಲ್ಲ. ಎದ್ದ ತಕ್ಷಣವೇ ಹಾಸಿಗೆಯ ಪಕ್ಕದಲ್ಲಿ ಚಪ್ಪಲಿಯ ಹಾಗೆ ಕಾದು ಕೂತಿರುತ್ತಿತ್ತು, ಮೆಟ್ಟಿಕೊಂಡು ಹೊರಡುವುದಷ್ಟೇ ಬಾಕಿ. ಇದು ಎಂದಾದರೂ ಮುಗಿಯಲಿ ದೇವರೇ ಎಂದು ಬಸ್ಸಿನಲ್ಲಿ ನಿಂತು ಬೇಡಿಕೊಂಡದ್ದುಂಟು. ಪಕ್ಕದಲ್ಲಿ ಅತ್ತೆ ಕಂಬಿ ಹಿಡಿದು, ಕಾಣದ ಕಿಟಕಿಯಾಚೆ ನೋಡುತ್ತ, "ಇವತ್ತು ಮೋಡ ಇದೆಯೇನೇ?" ಅನ್ನುತ್ತಿದ್ದರು.

ಆ ನಡುವೆ ಅತ್ತೆಗೆ ಜ್ವರ ಬಂದು ಎದೆಗೆ ಕಫ ಕಟ್ಟಿತು. ಮೇಷ್ಟ್ರು ಫೋನ್ ಮಾಡಿ, "ನೀವಿಬ್ಬರೂ ಮನೆಯಲ್ಲೇ ಇರಿ, ಇಲ್ಲಿಯದು ನಾವು ನೋಡ್ಕೋತೀವಿ," ಅಂದರು. ಸುಮಾರು ದಿನ ಕೂಟದ ಕಡೆ ಹೋಗಲಿಲ್ಲ. ಆ ಕಡೆಯಿಂದ ಫೋನಿನಲ್ಲಿ ಮೇಷ್ಟ್ರ ದನಿ ದಿನದಿನಕ್ಕೂ ಉತ್ಸಾಹದಿಂದ ಉಬ್ಬುತ್ತಿತ್ತು. "ಬನ್ನಿ, ಬನ್ನಿ, ಅಮ್ಮನಿಗೆ ಒಂದು ಆಶ್ಚರ್ಯ ಇದೆ," ಅನ್ನುತ್ತಿದ್ದರು. ಒಳ್ಳೆಯವರ ಉತ್ಸಾಹ ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಭಯ.

ವಾಪಸ್ ಹೋದ ದಿನ ಬಾಗಿಲಲ್ಲೇ ಅತ್ತೆ ಮೂಗು ಅರಳಿಸಿದರು. "ಏನೇ ಇದು, ಬಣ್ಣದ ವಾಸನೆ?"

"ಗೋಡೆಗೆ ಸುಣ್ಣಬಣ್ಣ ಆಗಿದೆ ಅತ್ತೆ."

ಕೇಸಿನ ಮೇಲೆ ಬಟ್ಟೆ ಹೊದಿಸಿದ್ದರು. ಧೂಳಿಗೆ ಇರಬೇಕೆಂದುಕೊಂಡೆ. ಅತ್ತೆಯನ್ನು ಅವರ ಜಾಗದಲ್ಲಿ ನಿಲ್ಲಿಸಿದ್ದೇ ಲೈಬ್ರರಿ ಮೇಡಂ ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದರು. ನನ್ನ ಯಂತ್ರದ ಚಕ್ರವನ್ನು ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದರು. ನಾನು ಅದರಲ್ಲಿ ನನ್ನ ಮುಖ ನೋಡಿ, ಇಷ್ಟು ಮುದುಕಿಯಾದೆನೇ ಎಂದು ಯೋಚಿಸುತ್ತಿದ್ದಾಗ ಮುಂದಿನ ಕೋಣೆಯಿಂದ ಮೇಷ್ಟ್ರ ದನಿ ಕೇಳಿಸಿತು.

"ಅಮ್ಮ, ಶುಭಾರಂಭ ನಿಮ್ಮಿಂದಲೇ ಆಗ್ಲಿ. ನಾನೇ ಹೇಳ್ತೀನಿ, ಜೋಡಿಸಿ. 'ಎಲ್ಲರಿಗೂ ಹಾರ್ದಿಕ ಸ್ವಾಗತ'."

ಟಕಟಕ ಟಕಟಕ. ಅತ್ತೆಯ ಕೈ ಎಂದಿನಂತೆ ಓಡಿತು. ಮೇಷ್ಟ್ರು ಕುಣಿಯುವುದೊಂದು ಬಾಕಿ. "ನೋಡಿದ್ರಾ! ಎಷ್ಟು ಸಲೀಸಾಯ್ತು ನೋಡಿದ್ರಾ!" ಆಮೇಲೆ ರೋಲರಿನ ಸದ್ದು, ಕಾಗದ ಒತ್ತಿದ ಸದ್ದು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ಉಳಿದವರೂ ನಕ್ಕರು.

ನಾನು ಮುಂದಿನ ಕೋಣೆಗೆ ಬಂದಾಗ ಬಟ್ಟೆ ತೆಗೆದಿತ್ತು. ಕೇಸಿನ ಪ್ರತಿ ಮನೆಯ ಅಂಚಿಗೂ ಪುಟ್ಟ ಬಿಳಿ ಚೀಟಿ ಅಂಟಿಸಿದ್ದರು. ಅ, ಆ, ಇ, ಈ. ಮೂಲೆಯಿಂದ ಮೂಲೆಗೆ ವರ್ಣಮಾಲೆ, ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ. ಎಲ್ಲ ಮೊಳೆಗಳನ್ನೂ ತೆಗೆದು, ತೊಳೆದು, ಒರೆಸಿ, ಮನೆ ಬದಲಾಯಿಸಿ ಇಟ್ಟಿದ್ದರು. ಮೇಷ್ಟ್ರ ಕೈಬರಹ ಮುತ್ತು ಪೋಣಿಸಿದಂತಿತ್ತು. ಬೈಯಲು ಬಾಯಿ ತೆರೆದವಳು ಅದನ್ನೇ ನೋಡುತ್ತ ನಿಂತೆ.

ಅತ್ತೆಯ ಕೈಯಲ್ಲಿ ಆ ಅಚ್ಚಿನ ಕಾಗದವಿತ್ತು. ಅದರ ಮೇಲೆ ಯಾವ ಭಾಷೆಯೂ ಅಲ್ಲದ ಏನೋ ಬಂದಿತ್ತು, ಠ, ಘ, ಝೂ, ಒಂದು ಅನಾಥ ಒತ್ತು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಕೈಗೆ ಕಾಗದ ಕೊಟ್ಟು ನಕ್ಕಿದ್ದರು ಅಷ್ಟೆ. ಅತ್ತೆ ಕಾಗದವನ್ನು ಮುಖದ ಮುಂದೆ ಹಿಡಿದು, ಕುತ್ತಿಗೆ ಸ್ವಲ್ಪ ಹಿಂದೆ ಮಾಡಿ, ಹುಬ್ಬು ಗಂಟಿಕ್ಕಿ, ಹಿಂದೆಲ್ಲ ಪ್ರೂಫು ನೋಡುತ್ತಿದ್ದ ಗತ್ತಿನಲ್ಲೇ ನೋಡಿದರು.

"ಮಸಿ ಸ್ವಲ್ಪ ಜಾಸ್ತಿ ಆಯ್ತು," ಅಂದರು.

ಅಚ್ಚಾದ ಮಗ್ಗುಲು ನಮ್ಮ ಕಡೆಗಿತ್ತು. ಅವರ ಮುಖದ ಕಡೆಗಿದ್ದದ್ದು ಬರೀ ಬಿಳಿ.

ನಗು ಒಂದೊಂದಾಗಿ ನಿಂತಿತು. ಮೇಷ್ಟ್ರು ಕಾಗದ ನೋಡಿದರು, ಅತ್ತೆಯ ಕಣ್ಣು ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟು ಹೊತ್ತಿಗೆ ಅತ್ತೆಗೂ ತಿಳಿದುಹೋಗಿತ್ತು. ಕಾಗದವನ್ನು ನಿಧಾನವಾಗಿ ಕೆಳಗಿಳಿಸಿ, ಬಲಗೈಯನ್ನು ಕೇಸಿನ ಕಡೆ ಚಾಚಿದರು. ಬೆರಳು ಚೀಟಿಯ ಅಂಚಿಗೆ ತಗುಲಿತು. ಇನ್ನೊಂದು ಚೀಟಿ. ಮತ್ತೊಂದು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

"ಯಾರನ್ನ ಕೇಳಿ ಮಾಡಿದ್ರಿ ಇದನ್ನ?" ಕೊನೆಗೂ ನನಗೆ ಬಾಯಿ ಬಂತು.

"ಅಮ್ಮನಿಗೆ ವಯಸ್ಸಾಯ್ತಲ್ಲ," ಮೇಷ್ಟ್ರ ದನಿ ಉಡುಗಿಹೋಗಿತ್ತು. "ಕಣ್ಣಿಗೆ ಶ್ರಮ ಆಗಬಾರದು ಅಂತಲೇ ದಪ್ಪಕ್ಷರದಲ್ಲಿ ಬರೆದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಇದೇ. ಆದರೆ ಆ ಮನುಷ್ಯ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಾಗ ನನ್ನ ಕೋಪವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮರುದಿನ ಹಳೆಯ ಕ್ರಮಕ್ಕೇ ವಾಪಸ್ ಇಡೋಣ ಎಂದು ಎಲ್ಲರೂ ಹಟ ಹಿಡಿದರು. ಬಿಚ್ಚುವ ಮುಂಚೆ ಲೈಬ್ರರಿ ಮೇಡಂ ಜಾಗ್ರತೆಯಾಗಿ ಫೋಟೋ ತೆಗೆದಿಟ್ಟಿದ್ದರು. ಫೋಟೋದ ತುಂಬ ಮನೆಮನೆಗಳಲ್ಲಿ ಮಗ್ಗುಲಾಗಿ ಮಲಗಿದ ಸೀಸದ ಕಡ್ಡಿಗಳು, ಯಾವುದರ ಮುಖವೂ ಕಾಣದು. ಕಲಿಯುವವರಿಗೂ ಸರಿಯಾಗಿ ನೆನಪಿರಲಿಲ್ಲ. ಇಷ್ಟು ದಿನ ಅತ್ತೆ "ಇನ್ನೂ ಎಡಕ್ಕೆ, ಅದರ ಕೆಳಗೆ," ಎಂದು ಹೇಳಿದ ಹಾಗೆ ಅವರು ಹೆಕ್ಕುತ್ತಿದ್ದರು. ಇನ್ನು ಉಳಿದದ್ದು ಅತ್ತೆಯ ಕೈ ಮಾತ್ರ.

ಒಂದು ಕೇಸು ಖಾಲಿ ಮಾಡಿದರು. ಅತ್ತೆ ಅದರ ಮುಂದೆ ನಿಂತರು. ನಾನು ಓದಬೇಕು, ಅವರು ಸುಮ್ಮನೆ ಜೋಡಿಸುವ ಹಾಗೆ ಕೈ ಚಾಚಬೇಕು, ಕೈ ಹೋದ ಮನೆಗೆ ಆ ಮೊಳೆಯನ್ನು ಮೇಷ್ಟ್ರು ಹಾಕಬೇಕು. ಬಹಳ ಜಾಣತನದ ಉಪಾಯವೆಂದು ಎಲ್ಲರಿಗೂ ಅನ್ನಿಸಿತು. ನಾನು ಓದಿದೆ. ಅತ್ತೆಯ ಕೈ ಎದ್ದಿತು, ಖಾಲಿ ಕೇಸಿನ ಮೇಲೆ ಅರ್ಧದಲ್ಲೇ ನಿಂತಿತು.

"ಕೆಳಗೆ ಏನೂ ಇಲ್ವಲ್ಲೇ," ಅಂದರು.

"ಇದೆ ಅಂದ್ಕೊಳ್ಳಿ ಅತ್ತೆ."

"ಅಂದ್ಕೊಂಡ್ರೆ ಬರಲ್ಲ ಕಣೇ. ಕೈಗೆ ಗೊತ್ತಿದೆ. ನನಗೆ ಹೇಳ್ತಿಲ್ಲ ಅಷ್ಟೆ."

ಎಲ್ಲ ಮನೆಗಳಿಗೂ ಯಾವುದೋ ಮೊಳೆ ತುಂಬಿ ನೋಡಿದರು, ಬೆರಳಿಗೆ ಸೀಸ ತಾಗಲಿ ಎಂದು. ಆಗ ಕೈ ಸ್ವಲ್ಪ ಓಡಿತು. ಮೇಷ್ಟ್ರು ಉಸಿರು ಬಿಗಿಹಿಡಿದು ಗುರುತು ಹಾಕಿಕೊಂಡರು. ಆದರೆ ಮೊದಲು ಒಂದು ಕಡೆ ಸಿಕ್ಕ ಅಕ್ಷರ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಡೆ ಸಿಕ್ಕಿತು. ದಿನಾ ಇಳಿಯುವ ಮೆಟ್ಟಿಲನ್ನು ಯೋಚಿಸಿ ಇಳಿದರೆ ಎಡವುತ್ತೇವಲ್ಲ, ಹಾಗೆ. ಅತ್ತೆ ತಮ್ಮ ಕೈಯನ್ನೇ ಅನುಮಾನಿಸಲು ಶುರುಮಾಡಿದ್ದರು. ಒಂದೇ ಮನೆಗೆ ಮೂರು ಅಕ್ಷರ ಹಕ್ಕುದಾರರಾದವು. ಮಧ್ಯಾಹ್ನದ ಹೊತ್ತಿಗೆ ಅವರ ಮೇಲ್ತುಟಿಯಲ್ಲಿ ಬೆವರು ಕಾಣಿಸಿತು. ಸುತ್ತ ನಿಂತವರಲ್ಲಿ ಯಾರಿಗೂ ಯಾರ ಮುಖ ನೋಡಲೂ ಆಗುತ್ತಿರಲಿಲ್ಲ.

ಅತ್ತೆ ಸ್ಟಿಕ್ಕು ಕೆಳಗಿಟ್ಟರು. "ಸಾಕು ಮೇಷ್ಟ್ರೇ. ನಾಲ್ಕು ಜನಕ್ಕೆ ಅರ್ಥ ಆಗೋ ಹಾಗೆ ಇಟ್ಟಿದ್ದೀರಿ. ಹಾಗೇ ಇರಲಿ ಬಿಡಿ. ನನ್ನೊಬ್ಬಳಿಗಾಗಿ ಎಲ್ಲರ ಕಣ್ಣು ಯಾಕೆ ಕೆಡಿಸೋದು."

ಮುಂದಿನ ರಜೆಯ ದಿನಕ್ಕೆ ಕುರ್ಚಿ ಬಂತು. ಮೇಷ್ಟ್ರು ತಮ್ಮ ಮನೆಯಿಂದಲೇ ತಂದರು, ಮೆತ್ತನೆಯದು, ತೋಳಿಗೆ ಆಸರೆ ಇರುವುದು. ಅದನ್ನು ಬಾಗಿಲ ಪಕ್ಕದಲ್ಲೇ ಹಾಕಿದರು. ಅವರ ತಪ್ಪಲ್ಲ, ಗೌರವ ತೋರಿಸಲು ಜನಕ್ಕೆ ಗೊತ್ತಿರುವುದೇ ಅಷ್ಟು. ಅತ್ತೆ ಸುಮ್ಮನೆ ಹೋಗಿ ಕೂತರು. ಬಂದವರು ಅವರ ಪಕ್ಕ ಬಗ್ಗಿ ಫೋಟೋ ತೆಗೆಸಿಕೊಂಡರು. ಒಬ್ಬಾಕೆ, "ಅಜ್ಜಿ, ಈ ಕಡೆ ನೋಡಿ," ಅಂದಳು. ಅತ್ತೆ ದನಿ ಬಂದ ಕಡೆ ತಿರುಗಿದರು, ಫೋನು ಇನ್ನೊಂದು ಕಡೆ ಇತ್ತು.

ಅವತ್ತು ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತ ಅತ್ತೆ ಹೇಳಿದರು, "ಅವರು ನನ್ನನ್ನ ನೋಡೋಕೆ ಬರ್ತಾರೆ, ನನಗೆ ಅವರು ಕಾಣಲ್ಲ. ಇದ್ಯಾವ ನ್ಯಾಯ? ನಾಳೆಯಿಂದ ನೀನೊಬ್ಬಳೇ ಹೋಗು."

ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಯಾರ ಕಾಲಿಗೂ ದಾರಿ ಹೇಳಬೇಕಾಗಿರಲಿಲ್ಲ. ಎರಡೂ ಕೈ ನನ್ನವೇ. ತಲೆ ಕಿಟಕಿಗೆ ಆನಿಸಿ ಕೂತವಳು ನಿದ್ದೆ ಹೋಗಿ ನಿಲ್ದಾಣ ದಾಟಿಬಿಟ್ಟೆ, ಬಿಸಿಲಲ್ಲಿ ವಾಪಸ್ ನಡೆದು ಬಂದೆ, ಆ ನಡಿಗೆಯೂ ಸುಖವೆನಿಸಿತು. ನನ್ನ ಸುಖ ಎಷ್ಟು ಅಗ್ಗದ್ದು ಎಂದು ನಾಚಿಕೆಯೂ ಆಯಿತು. ಬೇಡಿಕೊಂಡದ್ದೇ ಸಿಕ್ಕಿತ್ತು, ಇನ್ನು ದೇವರನ್ನು ದೂರುವ ಹಾಗಿಲ್ಲ.

ಮನೆಯಲ್ಲಿ ಕೂತ ಅತ್ತೆ ಎಂದರೆ ಏನೆಂದು ಆಮೇಲೆ ತಿಳಿಯಿತು. ಸಾರಿಗೆ ಉಪ್ಪು ಕಮ್ಮಿ, ಹಾಸಿಗೆಯಲ್ಲಿ ಗಂಟು, ನಲ್ಲಿ ತೊಟ್ಟಿಕ್ಕುತ್ತದೆ, ಪಕ್ಕದ ಮನೆಯವರ ರೇಡಿಯೋ ಕಿರುಚುತ್ತದೆ. ಲಾರಿಯಿಂದ ಇಳಿದ ಮಗನಿಗೆ ಅವನ ಗೊರಕೆಯ ಬಗ್ಗೆ ಒಂದು ಭಾಷಣವೇ ಆಯಿತು. ಅವನಿಗೆ ಅಷ್ಟರಲ್ಲಿ ನಾನು ಕಣ್ಣಿನ ವಿಷಯ ಹೇಳಿದ್ದೆ. ಅವನು ಅಮ್ಮನ ಮುಂದೆ ಕೂತು, ಕೈ ಹಿಡಿದು, "ಊಟ ಆಯ್ತಾ?" ಎಂದು ಎರಡು ಸಲ ಕೇಳಿ ಎದ್ದುಹೋದ.

ಬೈಗುಳವನ್ನು ನಾನು ತಾಳಿಕೊಂಡೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸಿನ ಜೊತೆ ಬದುಕಿದವಳು, ಅದೇನು ಹೊಸದಲ್ಲ. ಆದರೆ ಸ್ವಲ್ಪ ದಿನಕ್ಕೆ ಅದೂ ನಿಂತಿತು. ಉಪ್ಪೇ ಹಾಕಲು ಮರೆತ ಸಾರನ್ನು ಒಂದು ದಿನ ಅತ್ತೆ ಮಾತಿಲ್ಲದೆ ಉಂಡು ತಟ್ಟೆ ಸರಿಸಿದರು. ಆಮೇಲೆ ನಾನು ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು. ಅಷ್ಟು ಭಯ ಡಾಕ್ಟರ ಮುಂದೆಯೂ ಆಗಿರಲಿಲ್ಲ.

ಕೂಟದಲ್ಲಿ ಮಾತ್ರ ಕೆಲಸ ಚೆನ್ನಾಗಿಯೇ ನಡೆದಿತ್ತು. ಚೀಟಿ ಇರುವುದರಿಂದ ಹೊಸಬರು ತಾವೇ ಹುಡುಕಿ ಹೆಕ್ಕುತ್ತಿದ್ದರು, ಕಲಿಯುವವರು ಹೆಚ್ಚಾಗಿದ್ದರು. ಕುರ್ಚಿ ಬಾಗಿಲ ಪಕ್ಕ ಖಾಲಿಯಿತ್ತು. ಮೇಷ್ಟ್ರು ದಿನಾ ಅದನ್ನು ಒರೆಸುತ್ತಿದ್ದರು, "ಅಮ್ಮ ಹೇಗಿದ್ದಾರೆ?" ಎಂದು ದಿನಾ ಕೇಳುತ್ತಿದ್ದರು. "ಇದ್ದಾರೆ," ಅನ್ನುತ್ತಿದ್ದೆ.

ಒಂದು ಸಂಜೆ ನಾನು ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ನಾಳೆ ಹೊಸಬರು ಸೇರೋ ದಿನ ಅಲ್ವೇನೇ?"

"ಹೌದು."

"ನಾನೂ ಬರ್ತೀನಿ."

"ಕುರ್ಚಿಗಾ?"

"ಕುರ್ಚಿಗೆ ಬೆಂಕಿ ಹಾಕು. ಕಲಿಯೋಕೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೈಯೆಲ್ಲ ಭಾರವಾಯಿತು. ಮತ್ತೆ ಬಸ್ಸು, ಮತ್ತೆ ಮೊಣಕೈ, ಮತ್ತೆ ಓದುವುದು, ಓಡುವುದು. ಕೈಯಲ್ಲಿದ್ದ ಸೀರೆಯನ್ನು ಹಾಗೇ ನೆಲಕ್ಕೆ ಹಾಕಿ ಕೂತುಬಿಟ್ಟೆ. ಇಷ್ಟು ವರ್ಷ ಹೇಳದ ಮಾತು ಹೊರಗೆ ಬಂತು.

"ನನಗೆ ಸಾಕಾಗಿದೆ ಅತ್ತೆ. ನಿಜವಾಗಿ ಸಾಕಾಗಿದೆ. ನಿಮ್ಮನ್ನ ಎತ್ತಿ ಇಳಿಸಿ, ಸುಳ್ಳು ಹೇಳಿ, ಯಂತ್ರ ತುಳಿದು, ನನ್ನ ಜೀವ ಜೀವದಲ್ಲಿಲ್ಲ. ನೀವು ಬರೋದು ನಿಂತಾಗ ನನಗೆ ಖುಷಿ ಆಯ್ತು, ಗೊತ್ತಾ? ಖುಷಿ ಆಯ್ತು."

ಅವರ ಕೆನ್ನೆಗೆ ಹೊಡೆದ ಹಾಗಾಯಿತೇನೋ ಎಂದು ನೆಲದ ಸೀರೆ ಎತ್ತಿ ಮಡಿಸತೊಡಗಿದೆ.

"ಗೊತ್ತು," ಅಂದರು ಅತ್ತೆ. "ಅವತ್ತಿಂದ ನಿನ್ನ ಹೆಜ್ಜೆ ಸದ್ದು ಬೇರೆ ಆಗಿದೆ. ಹಗುರ ಆಗಿದೆ." ಮತ್ತೆ ಹೇಳಿದರು, "ನನಗೂ ಸಾಕಾಗಿದೆ ಕಣೇ. ಆದ್ರೆ ಮನೆಯಲ್ಲಿ ಕೂತ್ರೆ ಇನ್ನೂ ಸಾಕಾಗತ್ತೆ. ದಿನಾ ಹೊತ್ತು ಹುಟ್ಟೋದು ನನಗೆ ಕಾಣಲ್ಲ, ಮುಳುಗೋದೂ ಕಾಣಲ್ಲ. ನಡುವೆ ಒಂದಿಷ್ಟು ಟಕಟಕ ಇದ್ರೆ ದಿನ ಆಯ್ತು ಅಂತ ಗೊತ್ತಾಗತ್ತೆ."

ನಾನು ಮೂಗು ಒರೆಸಿಕೊಂಡೆ. "ಯಾರು ಹೇಳಿಕೊಡ್ತಾರೆ? ಚೀಟಿ ನಿಮಗೆ ಕಾಣಲ್ಲ."

"ನೀನು. ವರ್ಣಮಾಲೆ ಬರತ್ತಲ್ಲ?"

"ನನ್ನದು ಮಸಿ ಕೈ ಅತ್ತೆ."

"ತೊಳ್ಕೋ."

"ಅಲ್ಲ, ಮಾವನ ಕಾಲದಿಂದ..."

"ಆ ಕೇಸು ಮಾವ ಇಟ್ಟಿದ್ದು. ಈಗಿರೋದು ಮೇಷ್ಟ್ರು ಇಟ್ಟಿದ್ದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂದಾಗ ಸುಸ್ತು ಅಂದ್ರೆ ಹೇಗೆ?"

ಮರುದಿನ ನಾವು ಬಾಗಿಲು ದಾಟಿದಾಗ ಮೇಷ್ಟ್ರು ಓಡಿಬಂದು ಕುರ್ಚಿ ಎಳೆದರು. ಅತ್ತೆ ಅದನ್ನು ಬದಿಗೆ ಸರಿಸಿ, "ಇದರಲ್ಲಿ ನೀವು ಕೂತ್ಕೊಳ್ಳಿ ಮೇಷ್ಟ್ರೇ, ನಿಮಗೂ ಮಂಡಿ ನೋವು," ಅಂದರು. ಮೇಷ್ಟ್ರು ಬೇಡವೆನ್ನಲು ಹೋಗಿ, ನನ್ನ ಮುಖ ನೋಡಿ ತಾವೇ ಕೂತರು. ನಾನು ಹಿತ್ತಲ ಕಲ್ಲಿನ ಮೇಲೆ ಸೀಮೆಎಣ್ಣೆ ಹಾಕಿ, ಸೋಪು ಹಾಕಿ, ಕೈ ಉಜ್ಜಿದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ, ಇನ್ನು ಈ ಜನ್ಮದಲ್ಲಿ ಹೋಗುವುದೂ ಇಲ್ಲ. ಅತ್ತೆಯ ಹಿಂದೆ ನಿಂತು ಅವರ ಬಲಗೈ ಮೇಲೆ ನನ್ನ ಕೈಯಿಟ್ಟೆ. ಅವರ ಮೂಳೆ ಕೈಗೆ ಸಿಕ್ಕಿತು. ಇಷ್ಟು ಸಣ್ಣ ಕೈಯೇ ಇದು ಎಂದು ಆಶ್ಚರ್ಯವಾಯಿತು.

"ಇದು ಅ," ಅಂದೆ. "ಪಕ್ಕದ್ದು ಆ."

"ಹೂಂ."

"ಇದು ಇ."

ಕೆಳಗಿನ ಸಾಲಿಗೆ ಬರುವಷ್ಟರಲ್ಲೇ ಕೈ ಜಗ್ಗತೊಡಗಿತು. ನಾನು 'ಕ' ಅನ್ನುವ ಮುಂಚೆಯೇ ಅದು ತನ್ನಷ್ಟಕ್ಕೆ ಬಲಗಡೆಯ ಮಧ್ಯಕ್ಕೆ ಹಾರಿತು. ಅಲ್ಲೇ ಇದ್ದಿರಬೇಕು ಹಳೆಯ 'ಕ'. ಅವತ್ತು ಎಲ್ಲರೂ ಸುತ್ತ ನಿಂತು ಬೇಡಿದಾಗ ಬಾರದಿದ್ದ ಜಾಗ ಈಗ ಬೇಡವೆಂದಾಗ ಬಂದಿತ್ತು. ನಾನು ಕೈ ಹಿಡಿದು ವಾಪಸ್ ತಂದೆ. ಮತ್ತೆ ಹೋಯಿತು. ಮತ್ತೆ ತಂದೆ. ಅತ್ತೆಯ ಉಸಿರು ಜೋರಾಯಿತು, ಕಿವಿ ಕೆಂಪಾಯಿತು.

"ಹಳೇದು ಬಿಡ್ತಾ ಇಲ್ಲ ಕಣೇ," ಮೆಲ್ಲಗೆ ಅಂದರು.

"ಬಿಡತ್ತೆ. ನಿಧಾನ."

ಪಕ್ಕದ ಕೇಸಿನ ಮುಂದೆ ಅವತ್ತೇ ಸೇರಿದ ಹೆಂಗಸೊಬ್ಬಳು ನಿಂತಿದ್ದಳು, ಯಾವುದೋ ಬ್ಯಾಂಕಿನಲ್ಲಿ ಕೆಲಸವಂತೆ. ಅವಳಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ತನ್ನ ಒಂದು ಸಾಲು ಜೋಡಿಸಲು ಒದ್ದಾಡಿ ಸಾಕಾಗಿ, ನಮ್ಮ ಕಡೆ ತಿರುಗಿ ಸಲಿಗೆಯಿಂದ ನಕ್ಕಳು.

"ಬಹಳ ಕಷ್ಟ ಅಲ್ವಾ ಅಜ್ಜಿ? ನೀವೂ ಹೊಸಬರಾ?"

ಕುರ್ಚಿಯಲ್ಲಿದ್ದ ಮೇಷ್ಟ್ರು ದಡಕ್ಕನೆ ಎದ್ದು ನಿಂತರು. ನನ್ನ ಬಾಯಿಗೂ ಮಾತು ಬಂದಿತ್ತು, ಇವರು ಯಾರು ಗೊತ್ತೇನಮ್ಮಾ, ಈ ಕೇಸು, ಈ ಕಟ್ಟಡ, ಇದೆಲ್ಲ ಎಂದು. ನನ್ನ ಕೈಯ ಕೆಳಗೆ ಅತ್ತೆಯ ಕೈ ಒಮ್ಮೆ ಬಿಗಿಯಾಗಿ, ಆಮೇಲೆ ಸಡಿಲವಾಯಿತು.

"ಹೌದಮ್ಮಾ," ಅಂದರು ಅತ್ತೆ. "ಇವತ್ತೇ ಸೇರಿದ್ದು. ಇವಳು ನಮ್ಮ ಟೀಚರು. ಸ್ವಲ್ಪ ಸಿಡುಕಿ, ಆದ್ರೆ ಚೆನ್ನಾಗಿ ಹೇಳಿಕೊಡ್ತಾಳೆ."

ನನಗೆ ಕಣ್ಣು ಮಂಜಾಗಿ ಚೀಟಿಗಳು ಕಲೆಸಿಹೋದವು. ಒಂದು ಕ್ಷಣ ನನಗೂ ಏನೂ ಕಾಣಲಿಲ್ಲ. ಅತ್ತೆ ಮೊಣಕೈಯಿಂದ ನನ್ನ ಹೊಟ್ಟೆಗೆ ಸಣ್ಣಗೆ ತಿವಿದರು.

"ಯಾಕೆ ನಿಲ್ಲಿಸಿದೆ? ಕ ಆಯ್ತು. ಮುಂದೆ ಹೇಳು."